ರಂಗಪ್ಪನ ಜೋಡು ನೋಡಿ ಬನ್ನಿ

ಚಿತ್ರವಿಚಿತ್ರ ಕಥೆ ಬರೆಯಲು ಹೊರಟಿರುವ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಗೆಳೆಯರೇ, ವಿದೇಶಿ ಕಾದಂಬರಿ ಆಮೇಲೆ ಓದಿ. ಮೊದಲು ಬಿಳಿಗಿರಿಬೆಟ್ಟ ಹತ್ತಿ ರಂಗಪ್ಪನ ಭಾರಿ ಜೋಡು ನೋಡಿ. ದೇವರು ಕಾಡು ಸುತ್ತುತ್ತಾನೆ, ಅದಕ್ಕೇ ಜೋಡು ಸವೆಯುತ್ತದೆ ಅನ್ನುತ್ತಾರೆ. ಸೋಲಿಗರಿಗಂತೂ ಅವನು ತಮ್ಮ ಹುಡುಗಿ ಕುಸುಮಾಲೆಯನ್ನು ಕಟ್ಟಿಕೊಂಡ ರಂಗಭಾವ! ಕಂಸಾಳೆಯವರು ಹಾಡುವ ಮಲೆ ಮಾದಪ್ಪನೂ ಅರಗಿನ ಪಾದರಕ್ಷೆ ಮೆಟ್ಟಿಸಿ ದುಷ್ಟ ದೊರೆ ಶ್ರವಣನನ್ನು ಮುಗಿಸುತ್ತಾನೆ. ಹಾಡುವವರು ಇದಕ್ಕೆಲ್ಲ ಕಾರಣ ಹುಡುಕುತ್ತ ಕೂರುವುದಿಲ್ಲ. ಊರು, ಹೆಸರು ಮಾತ್ರ ತಪ್ಪದೆ ಹೇಳುತ್ತಾರೆ. ನೀವೂ ಹಾಗೇ ಬರೆಯಿರಿ. ಬೆಂಗಳೂರಿನವರಿಗೆಂದು ಭಾಷೆಯನ್ನು ತೊಳೆಯಬೇಡಿ. ನಮ್ಮ ಕಡೆಯ ಕಥೆಗೂ ಮನ್ನಣೆ ಸಿಗುತ್ತದೆ: ಹನೂರು ತಾಲ್ಲೂಕಿನ ಸ್ವಾಮಿ ಪೊನ್ನಾಚಿ ‘ಧೂಪದ ಮಕ್ಕಳು’ ಕಥಾಸಂಕಲನಕ್ಕೆ 2020ರ ಕೇಂದ್ರ ಸಾಹಿತ್ಯ ಅಕಾಡೆಮಿ ಯುವ ಪುರಸ್ಕಾರ ಪಡೆದರಲ್ಲ. ಇನ್ನು ಪುಸ್ತಕವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುವುದಾದರೆ ಪ್ರತಿ ಕಡಿಮೆ ಮಾಡಿ, ಕರಡು ತಿದ್ದುವವರಿಗೆ ಮಾತ್ರ ಕಾಸು ಹಿಡಿಯಬೇಡಿ.