ಸ್ವಂತ ಮಾತು, ಸ್ವಂತ ದುಡಿತ
ರಚನಾ ಪಾಠದಲ್ಲಿ ಸೃಜನಶೀಲತೆ, ಪ್ರಾಮಾಣಿಕತೆ ಮತ್ತು ಆತ್ಮಸುಧಾರಣೆ

ಪೀಠಿಕೆ

ಕಾಸರಗೋಡು ಜಿಲ್ಲೆಯ ಕುಂಬಡಾಜೆ ಪಂಚಾಯತಿಗೆ ಸೇರಿದ ಅಗಲ್ಪಾಡಿ ಮುರಕಲ್ಲಿನ ಗುಡ್ಡಗಳ, ಅಡಿಕೆ ತೋಟಗಳ ಊರು. ಈ ಪರಿಸರದ ಕನ್ನಡ ಮಾಧ್ಯಮ ತರಗತಿಗಳಿಗೆ ಬರುವ ಮಕ್ಕಳ ಮನೆಮಾತು ಒಂದೇ ಅಲ್ಲ. ತುಳು, ಹವ್ಯಕ ಕನ್ನಡ, ಮರಾಠಿ, ಕೊಂಕಣಿ, ಮಲೆಯಾಳ, ಹೀಗೆ ಬೇರೆ ಬೇರೆ ನುಡಿಗಳು ಒಂದೇ ಬೆಂಚಿನಲ್ಲಿ ಕುಳಿತಿರುತ್ತವೆ. ಗ್ರಂಥಸ್ಥ ಕನ್ನಡವು ಇವರಲ್ಲಿ ಅನೇಕರಿಗೆ ಶಾಲೆಯಲ್ಲಿ ದೊರೆಯುವ ಭಾಷೆ. ಆದುದರಿಂದ ರಚನಾ ಪಾಠದಲ್ಲಿ ಒಂದು ವಿಶೇಷ ಸಮಸ್ಯೆ ತಲೆದೋರುತ್ತದೆ.

‘ನನ್ನ ಊರು’ ಎಂಬ ವಿಷಯವನ್ನು ಕೊಟ್ಟರೆಂದು ಭಾವಿಸೋಣ. ಮಗುವು ಝುಳುಝುಳು ಹರಿಯುವ ನದಿ, ಹಚ್ಚಹಸುರಾದ ಪೈರು, ಹಕ್ಕಿಗಳ ಕಲರವ ಎಂದು ಬರೆಯುತ್ತದೆ. ವಾಕ್ಯಗಳಲ್ಲಿ ದೋಷವಿಲ್ಲ, ಅಂಕಗಳೂ ದೊರೆಯುತ್ತವೆ. ಆದರೆ ಆ ಮಗುವಿನ ಮನೆಯ ಹಿಂದೆ ಅಂತಹ ನದಿಯಿಲ್ಲ. ಅಲ್ಲಿರುವುದು ಗುಡ್ಡದ ಒಡಲನ್ನು ಅಡ್ಡಲಾಗಿ ಕೊರೆದು ಮಾಡಿದ ಸುರಂಗ. ಮುರಕಲ್ಲಿನ ಗೋಡೆಯಿಂದ ಒಸರುವ ನೀರು ಯಾವ ಪಂಪಿನ ಹಂಗೂ ಇಲ್ಲದೆ ತಾನಾಗಿ ಹೊರಗೆ ಹರಿದು ಬರುತ್ತದೆ. ಅಂಗಳದಲ್ಲಿ ಅಡಿಕೆ ಒಣಗುತ್ತದೆ. ಮಳೆಗಾಲದಲ್ಲಿ ಕೊಳೆರೋಗ ತಡೆಯಲು ಮೈಲುತುತ್ತು ಮತ್ತು ಸುಣ್ಣದ ದ್ರಾವಣವನ್ನು ಅಡಿಕೆ ಗೊನೆಗಳಿಗೆ ಬಿಡುತ್ತಾರೆ. ಇವು ಯಾವುವೂ ಪ್ರಬಂಧದೊಳಕ್ಕೆ ಬರುವುದಿಲ್ಲ.

ಹೀಗೆ ಮತ್ತೆ ಮತ್ತೆ ನಡೆದಾಗ, ತನ್ನ ಬದುಕಿಗೆ ಕನ್ನಡದಲ್ಲಿ ಸ್ಥಳವಿಲ್ಲ ಎಂಬ ಪಾಠವನ್ನು ಮಗು ಮೌನವಾಗಿ ಕಲಿಯುತ್ತದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದಲ್ಲಿ ಇದರ ಪರಿಣಾಮ ಸಣ್ಣದಲ್ಲ. ತನ್ನ ಬದುಕನ್ನು ಹೇಳಲಾಗದ ಭಾಷೆಯಲ್ಲಿ ಯಾವ ಮಗುವೂ ಬಹುಕಾಲ ಉಳಿಯಲಾರದು. ಈ ಹಿನ್ನೆಲೆಯಲ್ಲಿ ಸೃಜನಶೀಲತೆ, ಪ್ರಾಮಾಣಿಕತೆ, ಆತ್ಮಸುಧಾರಣೆ ಎಂಬ ಮೂರು ಮಾತುಗಳ ಅರ್ಥವನ್ನು ಈ ನೆಲದ ನಿದರ್ಶನಗಳಿಂದಲೇ ಪರಿಶೀಲಿಸಬಹುದು.

1. ಪ್ರಾಮಾಣಿಕತೆ: ಬಿಟ್ಟದ್ದು ಮತ್ತು ಉಳಿಸಿಕೊಂಡದ್ದು

ಮಂಜೇಶ್ವರ ಗೋವಿಂದ ಪೈಗಳ (1883–1963) ಮನೆಮಾತು ಕೊಂಕಣಿ. ಕನ್ನಡದಲ್ಲಿ ಬರೆದು, 1949ರಲ್ಲಿ ಅಂದಿನ ಮದರಾಸು ಸರಕಾರದಿಂದ ರಾಷ್ಟ್ರಕವಿ ಎಂಬ ಗೌರವಕ್ಕೆ ಅವರು ಪಾತ್ರರಾದರು. ಅವರ ಕಾಲದವರೆಗೂ ಕನ್ನಡ ಪದ್ಯದಲ್ಲಿ ದ್ವಿತೀಯಾಕ್ಷರ ಪ್ರಾಸ ಕಡ್ಡಾಯವೆಂಬ ಭಾವನೆಯಿತ್ತು. ಪದ್ಯದ ಪ್ರತಿಯೊಂದು ಪಾದದ ಎರಡನೆಯ ಅಕ್ಷರದಲ್ಲಿ ಅದೇ ವ್ಯಂಜನ ಬರಬೇಕೆಂಬುದು ಅದರ ನಿಯಮ. ಈ ನಿಯಮಕ್ಕೆ ಹೊಂದುವ ಪದವನ್ನು ಹುಡುಕುವಾಗ ಕವಿಯು ಹೇಳಬೇಕೆಂದಿದ್ದ ಮಾತು ಕೈತಪ್ಪಿ, ಪ್ರಾಸವು ಒದಗಿಸಿದ ಮಾತು ಬಂದು ಕೂರುವುದುಂಟು. ಪೈಗಳು 1911ರಲ್ಲಿ ಈ ಪ್ರಾಸವನ್ನು ಕೈಬಿಟ್ಟರು. ವಿರೋಧ ಬಂದರೂ ತಮ್ಮ ನಿಲುವನ್ನು ಬದಲಿಸಲಿಲ್ಲ.

ಇಲ್ಲಿ ಅಧ್ಯಾಪಕರು ಗಮನಿಸಬೇಕಾದ ಅಂಶ ಇನ್ನೊಂದಿದೆ. ಪೈಗಳು ಪ್ರಾಸವನ್ನು ಬಿಟ್ಟರೇ ಹೊರತು ಛಂದಸ್ಸನ್ನು ಬಿಡಲಿಲ್ಲ. ಲಯದ ಶಿಸ್ತನ್ನು ಸಡಿಲಿಸಲಿಲ್ಲ. ಹಳಗನ್ನಡವನ್ನೂ ಅನೇಕ ಭಾಷೆಗಳನ್ನೂ ಆಳವಾಗಿ ಅಭ್ಯಾಸ ಮಾಡಿದ ಅವರಿಗೆ, ಯಾವ ನಿಯಮ ಮಾತಿಗೆ ಬಲ ಕೊಡುತ್ತದೆ, ಯಾವುದು ಮಾತನ್ನು ಕಟ್ಟಿಹಾಕುತ್ತದೆ ಎಂಬ ವಿವೇಕವಿತ್ತು. ಪ್ರಾಮಾಣಿಕತೆ ಎಂದರೆ ಮನಬಂದಂತೆ ಬರೆಯುವುದು ಎಂದು ಭಾವಿಸುವ ವಿದ್ಯಾರ್ಥಿಗಳಿಗೆ ಈ ವಿವೇಕವನ್ನು ಮನಗಾಣಿಸಬೇಕು. ಎರವಲು ಪಡೆದ ಪ್ರಬಂಧದ ಅಲಂಕಾರಗಳು ಇಂದಿನ ಮಗುವಿಗೆ ಅಂದಿನ ಪ್ರಾಸವಿದ್ದಂತೆ: ಅವು ವಾಕ್ಯವನ್ನು ತುಂಬುತ್ತವೆ, ಹೇಳಬೇಕಾದುದನ್ನು ಮರೆಸುತ್ತವೆ. ವ್ಯಾಕರಣ, ವಾಕ್ಯರಚನೆ, ಲೇಖನ ಚಿಹ್ನೆಗಳು ಛಂದಸ್ಸಿನಂತೆ ಉಳಿಯಬೇಕಾದವು.

2. ಸೃಜನಶೀಲತೆ: ಅದೇ ಪದ್ಯ, ಬೇರೆ ಅರ್ಥ

ಸೃಜನಶೀಲತೆಯೆಂದರೆ ಹಿಂದೆ ಯಾರೂ ಹೇಳದುದನ್ನು ಹೇಳುವುದು ಎಂಬ ಕಲ್ಪನೆ ಮಕ್ಕಳನ್ನು ಹೆದರಿಸುತ್ತದೆ. ಈ ಭಯವನ್ನು ನೀಗಲು ತಾಳಮದ್ದಳೆಗಿಂತ ಹತ್ತಿರದ ನಿದರ್ಶನ ಇನ್ನೊಂದಿಲ್ಲ. ಪತ್ತನಾಜೆಯ ಬಳಿಕ ಮೇಳಗಳು ಗೆಜ್ಜೆ ಬಿಚ್ಚಿದ ಮಳೆಗಾಲದ ದಿನಗಳಲ್ಲಿ ತೆಂಕುತಿಟ್ಟಿನ ಈ ಸೀಮೆಯ ಮನೆಗಳಲ್ಲಿ, ದೇವಸ್ಥಾನಗಳಲ್ಲಿ ಕೂಟಗಳು ನಡೆಯುತ್ತವೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಅರ್ಥಧಾರಿ ಅದರ ಅರ್ಥವನ್ನು ತನ್ನ ಮಾತಿನಲ್ಲಿ ವಿಸ್ತರಿಸುತ್ತಾನೆ. ಆ ಮಾತಿಗೆ ಬರೆದಿಟ್ಟ ಪಾಠವಿಲ್ಲ.

ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾದ ರಾಮಾಯಣ ಪ್ರಸಂಗಗಳ ವಾಲಿಯನ್ನೇ ತೆಗೆದುಕೊಳ್ಳಬಹುದು. ಕಥೆ ಎಲ್ಲರಿಗೂ ತಿಳಿದದ್ದು, ವಾಲಿ ಸಾಯಲೇಬೇಕು. ಆದರೂ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಪ್ರಶ್ನಿಸುವ ಬಗೆ ಒಬ್ಬ ಅರ್ಥಧಾರಿಯಲ್ಲಿದ್ದಂತೆ ಇನ್ನೊಬ್ಬನಲ್ಲಿ ಇರುವುದಿಲ್ಲ. ಒಬ್ಬನ ವಾಲಿಗೆ ರಾಜಧರ್ಮದ ಪ್ರಶ್ನೆ ಮುಖ್ಯ. ಇನ್ನೊಬ್ಬನ ವಾಲಿಗೆ ತಮ್ಮನ ದ್ರೋಹದ ನೋವು ಮುಖ್ಯ. ಎದುರು ಕುಳಿತ ರಾಮನ ಉತ್ತರವನ್ನು ಕೇಳಿಸಿಕೊಂಡಲ್ಲದೆ ಮುಂದಿನ ಮಾತು ಹುಟ್ಟುವುದಿಲ್ಲ. ಹರಿದಾಸರೂ ಅರ್ಥಧಾರಿಗಳೂ ಆಗಿದ್ದ ಶೇಣಿ ಗೋಪಾಲಕೃಷ್ಣ ಭಟ್ಟರಂತಹವರ (1918–2006) ಹೆಸರು ಇಂದಿಗೂ ನೆನಪಿನಲ್ಲಿರುವುದು ಈ ಪ್ರತ್ಯುತ್ಪನ್ನ ಮಾತಿನಿಂದ. ಆ ಕ್ಷಣದ ಮಾತಿನ ಹಿಂದೆ ವರ್ಷಗಳ ಓದು, ಶ್ರವಣ, ಅಭ್ಯಾಸ ಇರುತ್ತವೆ. ಸಿದ್ಧತೆ ಹೆಚ್ಚಿದಷ್ಟೂ ಸ್ವಾತಂತ್ರ್ಯ ಹೆಚ್ಚುತ್ತದೆ ಎಂಬುದು ತಾಳಮದ್ದಳೆ ಕಲಿಸುವ ತತ್ತ್ವ.

3. ಆತ್ಮಸುಧಾರಣೆ: ದುಡಿತವೆಂಬ ಗುರು

ಅಗಲ್ಪಾಡಿಗೆ ದೂರವಲ್ಲದ ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು 1915ರ ಜೂನ್ 8ರಂದು ಜನಿಸಿ, ನೂರು ತುಂಬಿದ ಬಳಿಕ 2015ರ ಆಗಸ್ಟ್ 9ರಂದು ನಿಧನ ಹೊಂದಿದರು. ಅವರು ಕವಿ, ಪತ್ರಕರ್ತ, ಕೃಷಿಕ, ಸ್ವಾತಂತ್ರ್ಯ ಹೋರಾಟಗಾರ. ಅವರ ಆತ್ಮಕಥೆಯ ಹೆಸರು ‘ದುಡಿತವೇ ನನ್ನ ದೇವರು’. ತರಗತಿಯ ಕೆಲಸ, ತೋಟದ ಕೆಲಸ, ಬರವಣಿಗೆ ಇವುಗಳನ್ನು ಮೇಲುಕೀಳೆಂದು ವಿಂಗಡಿಸದ ದೃಷ್ಟಿ ಆ ಹೆಸರಿನಲ್ಲಿಯೇ ಇದೆ. 1969ರಲ್ಲಿ ಅವರಿಗೆ ಶ್ರೇಷ್ಠ ಅಧ್ಯಾಪಕರೆಂಬ ರಾಷ್ಟ್ರಪ್ರಶಸ್ತಿ ದೊರೆಯಿತು. ಮಕ್ಕಳಿಗಾಗಿ ಅವರು ವಾಚನಮಾಲೆಗಳನ್ನೂ ರಚಿಸಿದರು.

ಅವರ ಮನೆಮಾತು ತುಳು. ತುಳುವಿನಲ್ಲಿಯೂ ಕವಿತೆ ಬರೆದರು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಮೇಲೆ ಅದು ಕರ್ನಾಟಕದೊಡನೆ ಒಂದಾಗಬೇಕೆಂದು ಜೀವನಪರ್ಯಂತ ಹೋರಾಡಿದವರೇ ಮಲೆಯಾಳದ ಮಹಾಕವಿ ಕುಮಾರನ್ ಆಶಾನರ ಕಾವ್ಯವನ್ನು ಕನ್ನಡಕ್ಕೆ ತಂದರು. ತನ್ನ ಭಾಷೆಯ ಮೇಲಿನ ನಿಷ್ಠೆ ನೆರೆಯ ಭಾಷೆಯ ಮೇಲಿನ ಪ್ರೀತಿಗೆ ಅಡ್ಡಿಯಾಗಬೇಕಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಮನೆಯಲ್ಲಿ ಬೇರೆ ನುಡಿಯಾಡುವ ಮಗುವಿಗೆ ‘ನಿನ್ನ ಕನ್ನಡ ಸರಿಯಿಲ್ಲ’ ಎನ್ನುವ ಮೊದಲು, ಈ ಜಿಲ್ಲೆಯ ಇಬ್ಬರು ಹಿರಿಯ ಕವಿಗಳಲ್ಲಿ ಒಬ್ಬರ ಮನೆಮಾತು ಕೊಂಕಣಿ, ಇನ್ನೊಬ್ಬರದು ತುಳು ಎಂಬುದನ್ನು ನೆನೆಯುವುದು ಉಚಿತ. ಅವರು ಕನ್ನಡವನ್ನು ದುಡಿದು ಸಂಪಾದಿಸಿದರು.

ತರಗತಿಯ ಚಟುವಟಿಕೆಗಳು

ಚಟುವಟಿಕೆ 1. ಮನೆಯಲ್ಲಿ ಅಥವಾ ತೋಟದಲ್ಲಿ ನಡೆಯುವ ಒಂದು ಕೆಲಸವನ್ನು ಮಗು ಮೊದಲು ತನ್ನ ಮನೆಮಾತಿನಲ್ಲಿ ಹೇಳಲಿ. ಬಳಿಕ ಅದನ್ನೇ ಕನ್ನಡದಲ್ಲಿ ಹತ್ತು ವಾಕ್ಯಗಳಲ್ಲಿ ಬರೆಯಲಿ. ಕೆಲಸದ ಕ್ರಮ, ಉಪಕರಣ, ಕೆಲಸ ಮಾಡುವವರ ಜಾಗ್ರತೆ ಇವು ಬರಬೇಕು. ‘ಅಪ್ಪ ಅಡಿಕೆಗೆ ಮದ್ದು ಬಿಟ್ಟರು’ ಎಂದು ಮಗು ಬರೆದರೆ ಅದನ್ನು ತಪ್ಪೆಂದು ಹೊಡೆದುಹಾಕಬಾರದು. ಆ ಪದ ಇಲ್ಲಿಯ ಕೃಷಿಕರದು. ‘ಔಷಧ ಸಿಂಪಡಿಸಿದರು’ ಎಂಬ ರೂಪವನ್ನು ಪಕ್ಕದಲ್ಲಿ ಪರಿಚಯಿಸಿ, ಯಾವ ಸಂದರ್ಭಕ್ಕೆ ಯಾವುದು ಹೊಂದುತ್ತದೆ ಎಂಬುದನ್ನು ಮಕ್ಕಳೇ ಚರ್ಚಿಸಲಿ.

ಚಟುವಟಿಕೆ 2. ವಾಲಿ–ರಾಮರ ಸಂವಾದದ ಕಥಾಭಾಗವನ್ನು ವಿವರಿಸಿ, ಮಕ್ಕಳನ್ನು ಜೋಡಿಗಳಾಗಿ ಕೂರಿಸಬೇಕು. ಬರೆದುಕೊಂಡದ್ದನ್ನು ಓದಲು ಅವಕಾಶವಿಲ್ಲ. ಎದುರಾಳಿಯ ಮಾತನ್ನು ಒಂದು ವಾಕ್ಯದಲ್ಲಿ ಹೇಳಿದ ನಂತರವೇ ತನ್ನ ಉತ್ತರವನ್ನು ಕೊಡಬೇಕು. ಎರಡನೆಯ ಸುತ್ತಿನಲ್ಲಿ ಪಾತ್ರಗಳನ್ನು ಬದಲಿಸಬೇಕು. ಶಾಲಾ ಕಲೋತ್ಸವದ ಯಕ್ಷಗಾನ ತಂಡದಲ್ಲಿರುವ ಮಕ್ಕಳಿದ್ದರೆ ಅವರ ಅನುಭವವನ್ನು ಇಲ್ಲಿ ಬಳಸಿಕೊಳ್ಳಬಹುದು.

ಚಟುವಟಿಕೆ 3. ಮೊದಲ ಚಟುವಟಿಕೆಯ ಬರಹವನ್ನು ಒಂದು ವಾರದ ಬಳಿಕ ಮಗು ತಾನೇ ಓದಿ, ತಾನು ಕಣ್ಣಾರೆ ಕಾಣದ ಸಂಗತಿಗಳ ಕೆಳಗೆ ಗೆರೆ ಎಳೆಯಲಿ. ಅವುಗಳ ಬದಲಿಗೆ ಕಂಡದ್ದನ್ನು ಬರೆಯಲಿ. ಎರಡೂ ಕರಡುಗಳನ್ನು ಜೊತೆಯಾಗಿ ಇಟ್ಟುಕೊಳ್ಳಬೇಕು. ಅಧ್ಯಾಪಕರೂ ಇದೇ ವಿಷಯದ ಮೇಲೆ ಬರೆದು, ತಮ್ಮ ತಿದ್ದುಪಡಿಗಳನ್ನು ಕಪ್ಪುಹಲಗೆಯ ಮೇಲೆ ತೋರಿಸುವುದು ಅತ್ಯಂತ ಫಲಕಾರಿ. ತಿದ್ದುವುದು ದಂಡನೆಯಲ್ಲ, ಬರೆಯುವವರೆಲ್ಲರ ನಿತ್ಯದ ಕೆಲಸ ಎಂಬುದು ಆಗ ಮಕ್ಕಳಿಗೆ ಅರಿವಾಗುತ್ತದೆ.

ಮೌಲ್ಯಮಾಪನ

ಮಗುವಿನ ಬರಹವನ್ನು ಇನ್ನೊಂದು ಮಗುವಿನ ಬರಹದೊಡನೆ ಹೋಲಿಸುವುದಕ್ಕಿಂತ ಅದರ ಹಿಂದಿನ ಕರಡಿನೊಡನೆ ಹೋಲಿಸುವುದು ಲೇಸು. ಗಮನಿಸಬೇಕಾದ ಅಂಶಗಳು:

• ಸ್ವಂತ ನೋಟದಿಂದ ಬಂದ ವಿವರಗಳಿವೆಯೇ?
• ಓದುಗನಿಗೆ ತಿಳಿಯದ ಸ್ಥಳೀಯ ಪದವನ್ನು ವಿವರಿಸಲಾಗಿದೆಯೇ?
• ವಾಕ್ಯಗಳು ಒಂದಕ್ಕೊಂದು ಹೊಂದಿಕೊಂಡು ಮುಂದುವರಿಯುತ್ತವೆಯೇ?
• ಎರಡನೆಯ ಕರಡಿನಲ್ಲಿ ಮಗು ತಾನಾಗಿ ಮಾಡಿದ ಬದಲಾವಣೆಗಳು ಯಾವುವು?

ಕಾಗುಣಿತ, ವಿಭಕ್ತಿ ಪ್ರತ್ಯಯಗಳ ದೋಷಗಳನ್ನು ಉಪೇಕ್ಷಿಸಬಾರದು. ಆದರೆ ಅವುಗಳನ್ನು ವಿವರಗಳ ನಂತರ ಕೈಗೆತ್ತಿಕೊಳ್ಳಬೇಕು. ಹೇಳಲು ಸ್ವಂತದ್ದೇನಾದರೂ ಇದೆ ಎಂದು ತಿಳಿದ ಮಗು ಅದನ್ನು ಸರಿಯಾಗಿ ಹೇಳಲು ತಾನೇ ಬಯಸುತ್ತದೆ.

ಅಧ್ಯಾಪಕರ ಚಿಂತನೆಗೆ

1. ಕಳೆದ ವರ್ಷ ಪೂರ್ಣ ಅಂಕ ಪಡೆದ ಪ್ರಬಂಧಗಳಲ್ಲಿ, ಊರಿನ ಹೆಸರನ್ನು ಬದಲಿಸಿದರೂ ವ್ಯತ್ಯಾಸವಾಗದಂತಹವು ಎಷ್ಟಿದ್ದವು?
2. ತರಗತಿಯಲ್ಲಿ ಅನುಸರಿಸುತ್ತಿರುವ ರೂಢಿಗಳಲ್ಲಿ ಛಂದಸ್ಸಿನಂತೆ ಉಳಿಸಬೇಕಾದುವು ಯಾವುವು, ಪ್ರಾಸದಂತೆ ಬಿಡಬಹುದಾದುವು ಯಾವುವು?
3. ಮಕ್ಕಳಿಂದ ಬರೆಯಿಸುವ ಅಧ್ಯಾಪಕರು ತಾವು ಕೊನೆಯ ಬಾರಿಗೆ ಕನ್ನಡದಲ್ಲಿ ಸ್ವಂತದ್ದೊಂದನ್ನು ಬರೆದು ತಿದ್ದಿದ್ದು ಯಾವಾಗ?