ಅಂತರಜಾಲ ಚರ್ಚಾವೇದಿಕೆ ಮತ್ತು ಕನ್ನಡ ವಿದ್ಯಾರ್ಥಿಯ ಮೌನ

ಉನ್ನತ ಶಿಕ್ಷಣದಲ್ಲಿ ಅಂತರಜಾಲದ ಚರ್ಚಾವೇದಿಕೆಯು ಕಲಿಕೆಯ ಒಂದು ಅಂಗವಾಗಿ ಒಳಬಂದಿದೆ. ಕೇಂದ್ರ ಸರ್ಕಾರವು 2017ರ ಜುಲೈಯಲ್ಲಿ ಆರಂಭಿಸಿದ ‘ಸ್ವಯಂ’ ಯೋಜನೆಯ ಕೋರ್ಸುಗಳಿಗೆ ನಾಲ್ಕು ಅಂಗಗಳಿವೆ: ವೀಡಿಯೊ ಉಪನ್ಯಾಸ, ಓದಿನ ಸಾಮಗ್ರಿ, ಸ್ವಯಂ ಮೌಲ್ಯಮಾಪನ ಮತ್ತು ಸಂದೇಹ ನಿವಾರಣೆಯ ಚರ್ಚಾವೇದಿಕೆ. ಮೊದಲ ಮೂರನ್ನು ವಿದ್ಯಾರ್ಥಿಯು ಒಬ್ಬನೇ ನಿಭಾಯಿಸಬಲ್ಲನು. ನಾಲ್ಕನೆಯದಕ್ಕೆ ಇನ್ನೊಬ್ಬರು ಬೇಕು. ಅಲ್ಲಿ ವಿದ್ಯಾರ್ಥಿಗಳು ಮೌನವಾಗಿದ್ದರೆ ಅದನ್ನು ನಿರಾಸಕ್ತಿಯೆಂದೋ ಯಂತ್ರದ ಅಪರಿಚಯವೆಂದೋ ಭಾವಿಸುವುದು ರೂಢಿ. ಕನ್ನಡದ ಮಟ್ಟಿಗೆ ಈ ಮೌನದ ಬೇರು ಬಹುಪಾಲು ಭಾಷೆಯಲ್ಲಿಯೇ ಇದೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

2000ರ ದಶಕದಲ್ಲಿ ಯಂತ್ರದ ತೊಡಕು ನಿಜವಾಗಿತ್ತು. ಒಂದು ತಂತ್ರಾಂಶದಲ್ಲಿ ಮೂಡಿಸಿದ ಕನ್ನಡವು ಆ ಅಕ್ಷರವಿನ್ಯಾಸವಿಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. ಯೂನಿಕೋಡ್ ಬಳಕೆ ವ್ಯಾಪಕವಾದ ಮೇಲೆ ಈ ತೊಡಕು ಬಹುಮಟ್ಟಿಗೆ ನೀಗಿದೆ. ಅಂತರಜಾಲ ಸಂಪರ್ಕದ ಅಸಮಾನತೆ ಉಳಿದಿದೆಯಾದರೂ, ಮೊಬೈಲಿನಲ್ಲಿ ಗೆಳೆಯರೊಡನೆ ಧಾರಾಳವಾಗಿ ಕನ್ನಡ ಬರೆಯುವ ವಿದ್ಯಾರ್ಥಿಯೇ ಕಲಿಕೆಯ ವೇದಿಕೆಯಲ್ಲಿ ಏಕೆ ಹಿಂಜರಿಯುತ್ತಾನೆ ಎಂಬ ಪ್ರಶ್ನೆಗೆ ಅದು ಉತ್ತರವಾಗಲಾರದು.

ಉತ್ತರವನ್ನು ಕನ್ನಡದ ಎರಡು ಶೈಲಿಗಳ ನಡುವಣ ಅಂತರದಲ್ಲಿ ಹುಡುಕಬೇಕಾಗುತ್ತದೆ. ಒಂದೇ ಭಾಷೆಯೊಳಗಿನ ದ್ವಿಸ್ತರ ಸ್ಥಿತಿಯನ್ನು ಚಾರ್ಲ್ಸ್ ಫರ್ಗ್ಯುಸನ್ 1959ರಲ್ಲಿ ವಿವರಿಸಿದರು. ಕನ್ನಡದ ಗ್ರಾಂಥಿಕ ಮತ್ತು ಆಡುನುಡಿಗಳ ಶೈಲಿಭೇದವನ್ನು ಹಾ. ಮಾ. ನಾಯಕರು ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ. ಚರ್ಚಾವೇದಿಕೆಯು ರೂಪದಲ್ಲಿ ಬರಹ, ಸ್ವಭಾವದಲ್ಲಿ ಮಾತು. “ಕರ್ಣ ಇಲ್ಲಿ ಯಾಕೆ ಹೀಗಂತಾನೆ, ತಿಳೀಲಿಲ್ಲ” ಎಂಬುದು ಜೀವಂತ ಸಂದೇಹ. ಇದನ್ನೇ “ಪ್ರಸ್ತುತ ಪದ್ಯದಲ್ಲಿ ಕರ್ಣನ ನಿಲುವಿನ ಔಚಿತ್ಯವು ಸ್ಪಷ್ಟವಾಗುವುದಿಲ್ಲ” ಎಂದು ತಿದ್ದಿದರೆ ಅದು ಪರೀಕ್ಷೆಯ ಉತ್ತರದಂತಾಗುತ್ತದೆ. ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸಲಾಗದ ವಿದ್ಯಾರ್ಥಿಯು ಸುಮ್ಮನಾಗುತ್ತಾನೆ. ತನ್ನ ಸೀಮೆಯ ನುಡಿ ನಗೆಗೀಡಾದೀತೆಂಬ ಅಳುಕೂ ಇದಕ್ಕೆ ಸೇರುತ್ತದೆ. ತರಗತಿಯಲ್ಲಿ ಆಡಿದ ತಪ್ಪುಮಾತು ಗಾಳಿಗೆ ಹೋಗುತ್ತದೆ. ಇಲ್ಲಿ ಬರೆದದ್ದು ಹೆಸರಿನೊಡನೆ ಉಳಿಯುತ್ತದೆ.

ಎರಡನೆಯ ಅಡ್ಡಿ ಗೌರವಕ್ಕೆ ಸಂಬಂಧಿಸಿದ್ದು. ಗುರುವಿನ ಮಾತಿಗೆ ಬರಹದಲ್ಲಿ ಎದುರಾಡುವುದು ಅವಿನಯವೆಂಬ ಭಾವನೆ ಗಾಢವಾಗಿದೆ. ಆದರೆ ಕನ್ನಡದ ಪರಂಪರೆ ಇದಕ್ಕಿಂತ ವಿಶಾಲವಾದುದು. ಶಿವಗಣಪ್ರಸಾದಿ ಮಹಾದೇವಯ್ಯನು 15ನೆಯ ಶತಮಾನದಲ್ಲಿ ಸಂಕಲಿಸಿದ ‘ಶೂನ್ಯಸಂಪಾದನೆ’ಯು ವಚನಗಳನ್ನು ಸಂವಾದವಾಗಿ ಜೋಡಿಸಿದೆ. ಅಣ್ಣ ಅಜಗಣ್ಣನ ಅಗಲಿಕೆಯಿಂದ ನೊಂದ ಮುಕ್ತಾಯಕ್ಕನು ಅಲ್ಲಮನ ಮಾತನ್ನು ಕೇಳಿದೊಡನೆ ಒಪ್ಪಿಬಿಡುವುದಿಲ್ಲ. ಪ್ರಶ್ನಿಸುತ್ತಾಳೆ, ಮರುಪ್ರಶ್ನೆಗೆ ಒಳಗಾಗುತ್ತಾಳೆ. ಅರಿವು ಆ ವಾದದೊಳಗಿನಿಂದಲೇ ಬೆಳೆಯುತ್ತದೆ. ಇಂಥ ಪ್ರಸಂಗಗಳನ್ನು ಪಾಠ ಹೇಳುವ ಕನ್ನಡ ವಿಭಾಗಗಳಿಗೆ ಭಿನ್ನಮತದ ಮಾದರಿಯನ್ನು ಹೊರಗಿನಿಂದ ತರಬೇಕಾದ ಅಗತ್ಯವಿಲ್ಲ.

ಹಾಗೆಂದು ಎಲ್ಲ ಮೌನವೂ ಗೈರುಹಾಜರಿಯಲ್ಲ. ಕಲಿಯುವವನು ಸಮುದಾಯವೊಂದರ ಅಂಚಿನಲ್ಲಿದ್ದು ಕ್ರಮೇಣ ಒಳಸೇರುವುದು ಕಲಿಕೆಯ ಸಹಜ ಕ್ರಮವೆಂದು ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ 1991ರಲ್ಲಿ ನಿರೂಪಿಸಿದರು. ಯಕ್ಷಗಾನದ ಮೇಳಗಳಲ್ಲಿ ಹೊಸಬರು ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳಿಂದ ಆರಂಭಿಸಿ ಮುಂದಿನ ವೇಷಗಳಿಗೆ ಏರುತ್ತಿದ್ದುದು ಇದಕ್ಕೆ ದೇಶೀಯ ನಿದರ್ಶನ. ಹೊಸಬನಿಗೆ ಮೊದಲ ರಾತ್ರಿಯೇ ಕರ್ಣನ ಪಾತ್ರ ಕೊಡುತ್ತಿರಲಿಲ್ಲ.

ಚರ್ಚಾವೇದಿಕೆಗೂ ಇಂಥ ಪೂರ್ವರಂಗ ಬೇಕು. ಗಿಲ್ಲಿ ಸಾಲ್ಮನ್ 2000ದಲ್ಲಿ ರೂಪಿಸಿದ ಐದು ಹಂತಗಳ ಮಾದರಿಯಲ್ಲಿ ಜ್ಞಾನನಿರ್ಮಾಣವು ಬರುವುದು ನಾಲ್ಕನೆಯ ಹಂತದಲ್ಲಿ. ಪ್ರವೇಶ, ಪರಸ್ಪರ ಪರಿಚಯ ಮತ್ತು ಮಾಹಿತಿ ವಿನಿಮಯ ಅದಕ್ಕೂ ಮೊದಲಿನವು. ಕನ್ನಡದ ತರಗತಿಯಲ್ಲಿ ಮೊದಲ ಪ್ರಶ್ನೆಯು “ಪಠ್ಯದ ಈ ಪದಕ್ಕೆ ನಿಮ್ಮ ಊರಿನಲ್ಲಿ ಏನೆನ್ನುತ್ತಾರೆ?” ಎಂಬಷ್ಟು ಸರಳವಾಗಿರಬಹುದು. ಆಗ ಯಾವ ನುಡಿಯ ಬಗ್ಗೆ ಅಳುಕಿತ್ತೋ ಅದೇ ಆಧಾರವಾಗುತ್ತದೆ. ಅನಂತರ ಸಹಪಾಠಿಯೊಬ್ಬರ ಅಭಿಪ್ರಾಯಕ್ಕೆ ಕಾರಣಸಹಿತ ಪ್ರತಿಕ್ರಿಯೆ, ಆಮೇಲೆ ಮುಕ್ತ ಚರ್ಚೆ. ಆರೇಳು ಜನರ ಗುಂಪು, ಉತ್ತರ ಹೇಳಲು ಅವಸರಪಡದ ಅಧ್ಯಾಪಕ, ತನ್ನ ಸಂದೇಹವನ್ನೂ ತಿಳಿಗನ್ನಡದಲ್ಲಿ ಬರೆದು ತೋರಿಸುವ ಅಧ್ಯಾಪಕ: ಇವು ಮುಖ್ಯ. ಬರಹಗಳ ಸಂಖ್ಯೆಗೆ ಅಂಕ ನಿಗದಿಪಡಿಸಿದರೆ “ಚೆನ್ನಾಗಿದೆ, ಒಪ್ಪುತ್ತೇನೆ” ಎಂಬ ಸಾಲುಗಳಷ್ಟೇ ಬೆಳೆಯುತ್ತವೆ.

ಸಂಶೋಧನ ಪ್ರಬಂಧಕ್ಕೆ ಗ್ರಾಂಥಿಕ ಶೈಲಿಯ ಶಿಸ್ತು ಅನಿವಾರ್ಯ. ಆದರೆ ಚರ್ಚೆಯಲ್ಲಿ ಭಾಷೆಯನ್ನು ತಿದ್ದುವುದಕ್ಕಿಂತ ಮೊದಲು ಸಂದೇಹವನ್ನು ಆಲಿಸಬೇಕು. ಮಾತಿಗೂ ಪ್ರಬಂಧಕ್ಕೂ ನಡುವಣ ಈ ಬರಹವನ್ನು ಕನ್ನಡ ವಿಭಾಗಗಳು ಮಾನ್ಯ ಮಾಡದಿದ್ದರೆ, ಗ್ರಾಂಥಿಕ ಕನ್ನಡವನ್ನು ಮೊದಲೇ ಬಲ್ಲವರಷ್ಟೇ ಚರ್ಚಿಸುತ್ತಾರೆ. ಕಲಿಯಲು ಬಂದವರು ಓದುಗರಾಗಿಯೇ ಉಳಿಯುತ್ತಾರೆ.