ಅಪ್ಪಣೆಯ ಹಿಂದಿನ ಕಾರಣ

ರಾಜ್ಯಕ್ಕೂ ಪ್ರಜೆಗೂ ಇರುವ ಸಂಬಂಧವನ್ನು ನಿಯಮಿಸುವ ಸಾರ್ವಜನಿಕ ಕಾನೂನನ್ನು ನಾನು ಓದಲಾರಂಭಿಸಿದ ಕಾಲದಲ್ಲಿ ನನ್ನ ಮನಸ್ಸನ್ನು ಸೂರೆಗೊಂಡದ್ದು ಕೇಶವಾನಂದ ಭಾರತಿಯವರ ಮೊಕದ್ದಮೆ. ಕಾಸರಗೋಡಿನ ಸಮೀಪದ ಎಡನೀರು ಮಠದ ಯತಿಗಳು ಹೂಡಿದ ಅರ್ಜಿಯನ್ನು 13 ಮಂದಿ ನ್ಯಾಯಮೂರ್ತಿಗಳು ಕೇಳಿ, ಸಂವಿಧಾನದ ಮೂಲಸ್ವರೂಪವನ್ನು ಸಂಸತ್ತು ಸಹ ಕೆಡಿಸಲಾಗದೆಂದು 1973ರಲ್ಲಿ ತೀರ್ಪಿತ್ತುದು ಯಾವ ವಿದ್ಯಾರ್ಥಿಗಾದರೂ ರೋಮಾಂಚಕಾರಿಯೇ ಸರಿ. ಆದರೆ ಈ ಶಾಸ್ತ್ರದ ಮರ್ಮವನ್ನು ನನಗೆ ತಿಳಿಸಿಕೊಟ್ಟುದು ಸಿನಿಮಾ ಮಂದಿರವೊಂದರ ಸಣ್ಣ ವ್ಯಾಜ್ಯ.

ಮುಂಬಯಿಯ ಅಂಧೇರಿಯಲ್ಲಿ ಚಿತ್ರಮಂದಿರ ಕಟ್ಟಲು ಗೋರ್ಧನದಾಸ ಭಾನಜಿ ಎಂಬವರಿಗೆ 1947ರ ಜುಲೈಯಲ್ಲಿ ಅನುಮತಿಯಿತ್ತಿದ್ದ ಪೊಲೀಸ್ ಕಮಿಷನರು, ಎರಡು ತಿಂಗಳು ಕಳೆದ ಮೇಲೆ, ಸರ್ಕಾರದ ನಿರ್ದೇಶದಂತೆ ಅದು ರದ್ದಾಗಿದೆಯೆಂದು ಪತ್ರ ಬರೆದರು. ಆ ನಿರ್ಧಾರ ಕಮಿಷನರದೇ ಎಂದು ಆಮೇಲೆ ವಾದ ಹೂಡಲಾಯಿತು. ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸರು ಇದನ್ನು ಒಪ್ಪಲಿಲ್ಲ: ಕಾನೂನು ಯಾರ ಕೈಗೆ ವಿವೇಚನಾಧಿಕಾರವನ್ನಿತ್ತಿದೆಯೋ ಅವನೇ ಸ್ವಬುದ್ಧಿಯಿಂದ ಅದನ್ನು ಚಲಾಯಿಸಬೇಕು, ಬಹಿರಂಗವಾಗಿ ಹೊರಡಿಸಿದ ಆಜ್ಞೆಯನ್ನು ಅದರ ಮಾತಿನಿಂದಲೇ ಅಳೆಯಬೇಕೇ ಹೊರತು, ಅಧಿಕಾರಿ ಅನಂತರ ಹೇಳಿಕೊಳ್ಳುವ ಮನೋಗತದಿಂದಲ್ಲ. ಮುಂದೆ ಮೊಹಿಂದರ್ ಸಿಂಗ್ ಗಿಲ್ಲರ ಚುನಾವಣಾ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಈ ತತ್ತ್ವವನ್ನೇ ಎತ್ತಿಹಿಡಿದರು.

ಓದಿನ ಫಲ ನನಗೆ ಕಂಡುದು ನಮ್ಮೂರಿನಲ್ಲಿ. ನೆರೆಮನೆಯ ವಿಧವೆಯೊಬ್ಬರು, ತಮ್ಮ ಅರ್ಜಿಗೆ ಕಚೇರಿಯಿಂದ ಬಂದ ಹಿಂಬರಹವನ್ನು ನನ್ನ ಮುಂದಿಟ್ಟು, "ಇದರಲ್ಲಿ ಏನು ಬರೆದಿದ್ದಾರೆ, ಓದಿ ಹೇಳಪ್ಪ" ಎಂದರು. ಕೆಳಗೆ ಮೊಹರು, ಅರ್ಧ ಅಳಿಸಿದ ಸಹಿ. ನಡುವೆ ಇದ್ದುದು "ನಿಯಮಾನುಸಾರ ಅವಕಾಶವಿರುವುದಿಲ್ಲ" ಎಂಬ ಒಂದೇ ವಾಕ್ಯ. ಯಾವ ನಿಯಮ, ನಿರ್ಧರಿಸಿದವರು ಯಾರು, ಆಕೆಯ ಕಾಗದಪತ್ರಗಳನ್ನು ಅವರು ನೋಡಿದರೇ ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ಈ ಪ್ರಶ್ನೆಗಳನ್ನೇ ಸವಿನಯವಾಗಿ ಬರೆದು, ಪ್ರತಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದೆವು. ಅರ್ಜಿ ಪುನಃ ಪರಿಶೀಲನೆಗೆ ಬಂದು, ಕೆಲ ಕಾಲದ ಮೇಲೆ ಮಂಜೂರಾಯಿತು. ಸಂವಿಧಾನದ 226ನೆಯ ಅನುಚ್ಛೇದದಡಿ ಉಚ್ಚ ನ್ಯಾಯಾಲಯದ ಬಾಗಿಲು ತಟ್ಟುವ ಪ್ರಸಂಗವೇ ಬರಲಿಲ್ಲ. ಆ ಬಾಗಿಲು ಉಂಟೆಂಬ ಅರಿವು ಎರಡು ಪಕ್ಷಕ್ಕೂ ಇದ್ದುದರಿಂದಲೇ ಕೆಲಸವಾಯಿತೆಂದು ನನ್ನ ನಂಬಿಕೆ.

ಈ ಶಾಸ್ತ್ರವನ್ನು ಓದಹೊರಟ ತರುಣರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ತೀರ್ಪಿನ ಸಿದ್ಧಾಂತಭಾಗಕ್ಕೆ ಧಾವಿಸುವ ಮೊದಲು, ವ್ಯಾಜ್ಯಕ್ಕೆ ಮೂಲವಾದ ಸರ್ಕಾರಿ ಆಜ್ಞೆಯನ್ನು ಅಕ್ಷರಶಃ ಓದಿರಿ, ನಿಮ್ಮ ಊರಿನಲ್ಲಿ ಯಾರಾದರೂ ಕಾರಣವಿಲ್ಲದ ಹಿಂಬರಹ ಹಿಡಿದು ಬಂದರೆ, ಕಾರಣವನ್ನು ಲಿಖಿತವಾಗಿ ಕೇಳಲು ಅವರಿಗೆ ನೆರವಾಗಿರಿ.